ಸ್ನಾನಕ್ಕೆ ಮುಂಚಿನ ಮಾತು

ಸಬ್ ಇನ್ಸ್‌ಪೆಕ್ಟರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಧೈರ್ಯ ಯಾರಿಗಿದೆ ಹೇಳಿ? ನಮ್ಮಮ್ಮನಿಗಿದೆ.

"ಅಲ್ಲೇ ನಿಂತ್ಕೊಳೇ. ಇವತ್ತು ಹೆಣದ ಕೇಸಾ?"

"ಹೂಂ ಕಣಮ್ಮ."

"ಹಂಗಾದ್ರೆ ಹಿತ್ಲಿಂದ ಬಾ. ಏನೂ ಮುಟ್ಬ್ಯಾಡ."

ಭುಜದ ಮೇಲೆ ಎರಡು ಸ್ಟಾರ್ ಹೊತ್ತ ನನ್ನ ತಂಗಿ ಶೈಲಾ ಬಾಯಿ ಮುಚ್ಚಿಕೊಂಡು ಹಿತ್ತಿಲ ಬಚ್ಚಲಿಗೆ ನಡೆಯುತ್ತಾಳೆ.

ಸಾವು ನೋಡಿ ಬಂದವರು ಸ್ನಾನ ಮಾಡದೆ ಒಳಗೆ ಬರಬಾರದು. ಸ್ನಾನವಾದ ಮೇಲೆ ಆ ಮಾತು ಎತ್ತಬಾರದು. ತರೀಕೆರೆಯ ನಮ್ಮ ಮನೆಯಲ್ಲಿ ಇದು ಕಾನೂನು. ನಮಗೆಲ್ಲ ಇದು ಅಪರೂಪಕ್ಕೊಮ್ಮೆ. ಅಜ್ಜಂಪುರದ ಕಡೆ ಠಾಣೆಯೊಂದರಲ್ಲಿರುವ ಶೈಲಾಗೆ ಹಾಗಲ್ಲ. ಕೆರೆ, ಬಾವಿ, ರಸ್ತೆ, ಎಲ್ಲಿ ಯಾರು ಸತ್ತರೂ ಹೋಗಿ ಮಹಜರು ಬರೆಸಬೇಕು, ಕಾರಣ ಹುಡುಕಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಆಮೇಲೆ ಸ್ನಾನ. ಆಮೇಲೆ ಮೌನ.

ಮೌನ ಜಾಸ್ತಿಯಾಯಿತು. ಮುದ್ದೆ ಮುರಿದು ತಟ್ಟೆಯಲ್ಲೇ ಬಿಡತೊಡಗಿದಳು. ಹೋದ ತಿಂಗಳು, "ಅಕ್ಕ, ಈ ಕೆಲ್ಸ ಬಿಟ್ಬಿಡ್ತೀನಿ" ಅಂದಳು.

ಬಿಡುವುದೆಂದರೇನು? ಹೆಬ್ಬೆಟ್ಟು ಒತ್ತುತ್ತಿದ್ದವರ ಮನೆ ನಮ್ಮದು. ಮೊದಲ ಡಿಗ್ರಿ ನನ್ನದು, ಎರಡನೆಯದು ಇವಳದು. (ಹೌದು, ಹೇಳಿಕೊಳ್ಳುತ್ತೇನೆ. ಕಷ್ಟಪಟ್ಟು ಓದಿದವರು ಹೆಮ್ಮೆಯನ್ನು ಯಾಕೆ ಮುಚ್ಚಿಡಬೇಕು?) ಸ್ಟ್ರೆಸ್, ಕೌನ್ಸೆಲಿಂಗ್, ಯೋಗ ಅಂತ ಭಾಷಣ ಶುರುಮಾಡಿದೆ.

"ಮೇಡಂ, ಕ್ಲಾಸ್ ಮುಗೀತಾ? ಅಟೆಂಡೆನ್ಸ್ ಹಾಕ್ಕೊಂಡು ಬಿಡಿ, ಮಲಕ್ಕೋಬೇಕು" ಅಂದಳು.

ಸರಿ, ಅಮ್ಮನನ್ನೇ ಹಿಡಿದೆ. "ಅವಳಿಗೆ ಮಾತಾಡಕ್ಕೆ ಬಿಡಮ್ಮ."

"ಮನೆ ಒಳಗೆ ಸಾವಿನ ಮಾತು ಬ್ಯಾಡ."

"ಬಚ್ಚಲು ಮನೆ ಒಳಗಾ, ಹೊರಗಾ?"

"ಹೊರಗೇ."

"ಸ್ನಾನ ಆದ್ಮೇಲೆ ತಾನೇ ಮಾತಾಡ್ಬಾರ್ದು? ಮುಂಚೆ?"

ಅಮ್ಮ ನನ್ನನ್ನೇ ದಿಟ್ಟಿಸಿದಳು. "ನೀನು ಲಾಯರ್ರೇ ಆಗ್ಬೇಕಿತ್ತು ಕಣೇ."

ಮುಂದಿನ ಸಲ ಶೈಲಾ ಅಂಥದೇ ಕೇಸು ಮುಗಿಸಿ ಬಂದಾಗ ಅಮ್ಮ ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕುತ್ತ ಕೂತಿದ್ದಳು.

"ನೀರು ಇನ್ನೂ ಕಾದಿಲ್ಲ. ಅಲ್ಲೀಗಂಟ ಹೇಳು. ಊರು ಬ್ಯಾಡ, ಹೆಸ್ರು ಬ್ಯಾಡ. ನಿಂಗೇನಾಯ್ತು, ಅದ್ನ ಹೇಳು."

(ನೀರು ಆಗಲೇ ಕುದಿಯುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ.)

ತಂಗಿ ಒಗೆಯುವ ಕಲ್ಲಿನ ಮೇಲೆ ಕೂತಳು. "ಅವ್ನ ಜೇಬಲ್ಲಿ ಕೆಂಪು ರಿಬ್ಬನ್ ಇತ್ತು ಕಣಮ್ಮ. ಹೊಸಾದು. ಮಗಳಿಗೆ ತಗಂಡಿದ್ನಂತೆ. ಮಹಜರಲ್ಲಿ ಬರೆಸ್ದೆ. ಬಣ್ಣ ಎರಡು ಸಲ ತಪ್ಪು ಹೇಳ್ದೆ."

"ಮಗೂಗೆ ಕೊಟ್ಯಾ?"

"ಕೊಟ್ಟೆ."

"ಮತ್ತಿನ್ನೇನು? ಅಷ್ಟಾದ್ರೂ ಆ ಮಗೂಗೆ ಸಿಕ್ತಲ್ಲ. ಅತ್ಕೋ. ಆಮೇಲೆ ನೀರು ಹುಯ್ಕೋ."

ಅತ್ತಳು. ಸ್ನಾನ ಮಾಡಿದಳು. ತನ್ನ ಮುದ್ದೆ ಮುಗಿಸಿ ನನ್ನ ತಟ್ಟೆಗೂ ಕೈ ಹಾಕಿದಳು. (ಪೊಲೀಸ್ ದೌರ್ಜನ್ಯ! ಯಾರಿಗೆ ದೂರು ಕೊಡಲಿ?)

ಈಗ ನಮ್ಮ ಹಂಡೆ ನೀರು ಕಾಯಲು ಸಿಕ್ಕಾಪಟ್ಟೆ ಹೊತ್ತು ಹಿಡಿಯುತ್ತದೆ. ಮೊನ್ನೆ ಶೈಲಾ ಕಡೂರಿನಲ್ಲಿ ಕೌನ್ಸೆಲರ್ ಒಬ್ಬರನ್ನೂ ಕಂಡು ಬಂದಳು, ಯಾರೂ ಮತ್ತೆ ಹೇಳದೆ, ತಾನಾಗಿಯೇ. ಕೆಲಸ ಬಿಡುವ ಮಾತು ಸದ್ಯಕ್ಕೆ ಎತ್ತಿಲ್ಲ.

ಆದರೆ ಅವಳ ಠಾಣೆಯ ಕಾನ್‌ಸ್ಟೇಬಲ್ ಇದ್ದಾರೆ. ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರ್ ಇದ್ದಾರೆ. ಅವರೂ ಸಂಜೆ ಮನೆಗೆ ಹೋಗುತ್ತಾರೆ, ಕೈಕಾಲು ತೊಳೆದು ಸುಮ್ಮನೆ ಟಿವಿ ಮುಂದೆ ಕೂರುತ್ತಾರೆ.

ಹೆಣ ನೋಡಿದ್ದಕ್ಕೆ ಸಾಕ್ಷಿಯಾಗಿ ಪಂಚರು ಇರಲೇಬೇಕು ಅನ್ನುವ ಕಾನೂನು, ನೋಡಿ ಬಂದವರ ಮಾತು ಕೇಳಲು ಒಬ್ಬರಾದರೂ ಇರಲಿ ಅಂತ ಯಾಕೆ ಹೇಳುವುದಿಲ್ಲ?