ಗೂಟ ಬಿದ್ದ ಜಾಗ

ಬೆಳಿಗ್ಗೆ ಐದಕ್ಕೆ ಏಳಬೇಕು, ಜಳಕ ಮುಗಿಸಬೇಕು, ಮನಸ್ಸು ಬಂದಲ್ಲಿ ಗೂಟ ಹೊಡೆಯಬಾರದು. ನನ್ನ ನೌಕರಿಯ ಶಿಸ್ತು ಇಷ್ಟೇ.

ಚಿತ್ತಾಪುರ ತಾಲೂಕಿನ ಹಳ್ಳಿಗಳಲ್ಲಿ ಹೊಲದ ಒಂದು ತುಂಡನ್ನು ಅಳೆದು, ಅಲ್ಲಿಯ ಜೋಳ ಕೊಯ್ದು ತೂಗಿ ಊರಿನ ಇಳುವರಿ ಅಂದಾಜು ಮಾಡುತ್ತಿದ್ದೆವು. ಆ ತುಂಡು ಎಲ್ಲಿರಬೇಕೆಂದು ಹೇಳುವ ಹಕ್ಕು ರೈತನಿಗೂ ಇಲ್ಲ, ನನಗೂ ಇಲ್ಲ. ಕಚೇರಿ ಕೊಟ್ಟ ಅಂಕಿಗಳ ಪ್ರಕಾರ ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ, ನಿಂತಲ್ಲಿ ಗೂಟ. ರೈತನನ್ನು ಕೇಳಿದರೆ ದಪ್ಪ ತೆನೆಯತ್ತ ಎಳೆಯುತ್ತಾನೆ, ನೌಕರ ಬೇವಿನ ನೆರಳತ್ತ ಜಾರುತ್ತಾನೆ. ದೇವರನ್ನು ಕೇಳಿದರೆ ಗುಡಿಯ ಹೊಲವನ್ನೇ ತೋರಿಸಿಯಾನು.

ದಂಡೋತಿಯ ಒಬ್ಬ ರೈತನ ಹೊಲಕ್ಕೆ ಹೋದ ದಿನವೇ ಅವನ ಮಗಳನ್ನು ನೋಡಲು ಚಿಮ್ಮನಚೋಡದವರು ಬಂದಿದ್ದರು. ಹುಡುಗಿಗಿಂತ ಮೊದಲು ಬೆಳೆ ತೋರಿಸೋಣವೆಂದು ಆತ ಅವರನ್ನು ಬದುವಿನ ಮೇಲೆ ನಿಲ್ಲಿಸಿದ್ದ. ಎದುರಿಗೆ ಆಳೆತ್ತರದ ಜೋಳ. ನನ್ನ ಹೆಜ್ಜೆ ಮುಗಿದದ್ದು ನೀರು ನಿಂತು ಕೆಟ್ಟ ತಗ್ಗಿನಲ್ಲಿ. ಅಲ್ಲಿ ಜೋಳ ಮೊಣಕಾಲಿಗೆ ಬರುತ್ತಿತ್ತು.

“ಸಾಹೇಬ್ರ, ಸ್ವಲ್ಪ ಈ ಕಡಿ ಸರೀರಿ,” ಎಂದು ರೈತ ಪಿಸುಗುಟ್ಟಿದ. “ಬೀಗರು ನೋಡ್ಲಿಕತ್ತಾರ. ಸಂಬಂಧ ಮುರೀತದ. ಕಾಲಿಗಿ ಬೀಳ್ತೀನಿ.”

“ಕಾಲು ಇಲ್ಲೇ ಬಂದು ನಿಂತಾವ, ಏನ್ ಮಾಡ್ಲಿ?” ಎಂದು ಗೂಟ ಹೊಡೆದೆ.

ಬೀಗರ ಜೊತೆ ಬಂದಿದ್ದ ಹುಡುಗನ ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. “ಏ ತಮ್ಮಾ, ಅಷ್ಟು ಚಲೋ ಬೆಳಿ ಬಿಟ್ಟು ಆ ಕುಳ್ಳ ಜ್ವಾಳದಾಗ ಯಾಕ ಹೊಕ್ಕಿ?”

“ಆಯಿ, ತೋರಿಸಿದಲ್ಲೇ ನೋಡಿದ್ರ, ತೋರಿಸಿದವ್ರಿಗಿ ಬೇಕಾದ್ದೇ ಕಾಣ್ತದ.”

“ಹಂಗೇನು? ಹಂಗಾದ್ರ ನಾನೂ ಪಡಸಾಲ್ಯಾಗ ಕುಂದ್ರಂಗಿಲ್ಲ,” ಎಂದವಳೇ ಊರ ಕಡೆ ಹೊರಟಳು. ರೈತ ನನ್ನನ್ನು ನೋಡಿದ ನೋಟಕ್ಕೆ ಉಳಿದ ಜೋಳವೂ ಬಾಡಬೇಕಿತ್ತು.

ಕೊಯ್ದ ತೆನೆ ಹೊತ್ತು ನಾವು ಅವನ ಅಂಗಳ ಮುಟ್ಟುವಾಗ ಅಜ್ಜಿ ಹಿತ್ತಲಲ್ಲಿ ನಿಂತಿದ್ದಳು. ಹಿತ್ತಲನ್ನು ಆಕೆ ತಾನೇ ಆರಿಸಿಕೊಂಡದ್ದು. ನಮ್ಮ ಕಚೇರಿ ಒಪ್ಪುತ್ತಿರಲಿಲ್ಲ. ಸೆಗಣಿ ಬುಟ್ಟಿ ಹಿಡಿದ ಹುಡುಗಿ ಎಮ್ಮೆಯನ್ನು ಬೈಯುತ್ತಿದ್ದಳು: “ನಿನ್ನ ನೋಡ್ಲಿಕ್ಕ ಯಾರೂ ಬಂದಿಲ್ಲ, ಸುಮ್ನ ನಿಲ್ಲು! ನನಗ ಹೊಸ ಸೀರಿ ಉಡೋದದ!”

ಅಜ್ಜಿ ನಕ್ಕು ನಕ್ಕು ಅಲ್ಲೇ ಕಲ್ಲಿನ ಮೇಲೆ ಕುಳಿತಳು. “ನಮ್ಮ ಮನ್ಯಾಗ ಎಮ್ಮಿ ಭಾಳ ಅವ. ಅಂಜಿಸೋರೇ ಇಲ್ಲ.”

ಹುಡುಗಿ ಬುಟ್ಟಿ ಇಳಿಸಿದಳು. “ಆಯಿ, ನಿಮ್ಮ ಹುಡುಗನ್ನ ನಾವು ಹಿತ್ತಲ್ದಾಗ ಯಾವಾಗ ನೋಡೋದು?”

“ಹೇಳದ ಕೇಳದ ಬರ್ರಿ. ಹೇಳಿದ್ರ ಅವನಿಗಿ ಜಳಕ ಮಾಡಿಸಿಬಿಡ್ತೀನಿ.”

ಹುಡುಗಿಯ ಮನೆಯವರು ಹಾಗೆಯೇ ಹೇಳದೆ ಚಿಮ್ಮನಚೋಡಕ್ಕೆ ಹೋದರು, ಸಂಬಂಧ ಕುದುರಿತು. ಮುಂದೆ ರೈತ ಊರೆಲ್ಲ ಹೇಳಿಕೊಂಡು ತಿರುಗಿದ: “ಸಾಹೇಬ್ರು ಭಾಳ ಚಲೋ ಜಾಗ ಆರಿಸಿದ್ರು.”

ನಾನು ಆರಿಸಿಯೇ ಇಲ್ಲ ಎಂದರೆ ಒಬ್ಬರೂ ನಂಬಲಿಲ್ಲ.