‘ಟೆಸ್ಟ್’ ಎಂಬ ಹೆಸರಿನ ಫೈಲು

2006ರಲ್ಲಿ ನಾನು ವಿಶಾಖಪಟ್ಟಣದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತರಬೇತಿ ಕೇಂದ್ರದಲ್ಲಿ ವಿಡಿಯೊ ವಿಭಾಗದ ಹೊಣೆ ಹೊತ್ತಿದ್ದೆ. ನುರಿತ ಕೆಲಸಗಾರರ ಕೈಚಳಕವನ್ನು ರೆಕಾರ್ಡ್ ಮಾಡಿ ಹೊಸಬರಿಗೆ ತೋರಿಸುವುದು ನಮ್ಮ ಕೆಲಸ. ಬೇರಿಂಗ್ ಕೂರಿಸುವುದರಲ್ಲಿ ಗದಗಿನ ಬಸವರಾಜನನ್ನು ಮೀರಿಸುವವರು ಇರಲಿಲ್ಲ. ಟೌನ್‌ಶಿಪ್‌ನಲ್ಲಿ ನಮ್ಮ ಪಕ್ಕದ ಮನೆಯವನು. ದಿನವಿಡೀ ತೆಲುಗಿನಲ್ಲಿ ಏಗಿ ಬಂದ ನಾವಿಬ್ಬರೂ ಸಂಜೆ ಕಾಂಪೌಂಡಿಗೆ ಒರಗಿ ಕನ್ನಡದಲ್ಲಿ ಜಗಳವಾಡಿದರೇನೇ ಸಮಾಧಾನ. ನನ್ನ ತುಮಕೂರಿನ ಕನ್ನಡ ಅವನಿಗೆ ಸಪ್ಪೆ, ಅವನದು ನನಗೆ ಖಾರ.

ಅವನ ಪಾಠಕ್ಕೆ ನಾಲ್ಕು ಕ್ಯಾಮೆರಾ ಇಟ್ಟೆವು. ಒಂದು ಮುಖಕ್ಕೆ, ಒಂದು ಯಂತ್ರಕ್ಕೆ, ಒಂದು ಇಡೀ ಕೊಠಡಿಗೆ, ನಾಲ್ಕನೆಯದು ಬರೀ ಕೈಗಳಿಗೆ. ನಾಲ್ಕೂ ಒಂದೇ ಕಂಪ್ಯೂಟರಿಗೆ ಬಂದು ಸೇರುತ್ತಿದ್ದವು. ಪ್ರತಿ ಇನ್‌ಪುಟ್‌ಗೂ ಸೆಟ್ಟಿಂಗ್ ಬೇರೆಯಾಗಿಯೇ ಕೊಡಬೇಕು: ಸೆಕೆಂಡಿಗೆ 25 ಫ್ರೇಮ್, ಚಿತ್ರದ ಅಳತೆ, ಯಾವ ಮೈಕಿನ ದನಿ, ಫೈಲಿಗೆ ಏನು ಹೆಸರು. ತಾರೀಖು, ಕ್ಯಾಮೆರಾ ಸಂಖ್ಯೆ, ಎಷ್ಟನೇ ಟೇಕ್ ಎಂಬುದು ಹೆಸರಿನಲ್ಲಿ ಇರಲೇಬೇಕೆಂದು ಕೈಕೆಳಗಿನವರ ಪ್ರಾಣ ಹಿಂಡುತ್ತಿದ್ದವನು ನಾನು.

ಆದರೆ ಮೈಕ್ ಪರೀಕ್ಷೆಗೆ ಅಷ್ಟೆಲ್ಲ ಯಾಕೆ ಎಂದು ಮೊದಲನೆಯ ಇನ್‌ಪುಟ್‌ನ ಸೆಟ್ಟಿಂಗನ್ನು ಹೆಸರು ಸಮೇತ ಉಳಿದ ಮೂರಕ್ಕೂ ಕಾಪಿ ಮಾಡಿಬಿಟ್ಟೆ. ಹೆಸರು ಬರೀ ‘ಟೆಸ್ಟ್’. ಬಸವರಾಜನಿಂದ ಏನಾದರೂ ಮಾತಾಡಿಸಿ ಒಂದೊಂದೇ ಕ್ಯಾಮೆರಾ ಪರೀಕ್ಷಿಸುವಾಗ, ಹಳೆಯ ಫೈಲನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಬರೆಯಲೇ ಎಂದು ಕಂಪ್ಯೂಟರ್ ಕೇಳಿತು. ಮೂರು ಸಲವೂ ಹೂಂ ಅಂದೆ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ!

ಆಮೇಲೆ ಪಾಠದ ರೆಕಾರ್ಡಿಂಗ್ ಚೆನ್ನಾಗಿಯೇ ಆಯಿತು. ಹೊಸಬರಿಗೆ ಅರ್ಥವಾಗಲೆಂದು ಬಸವರಾಜನ ಮಾತು ತೆಗೆದು ತೆಲುಗು ವಿವರಣೆ ಸೇರಿಸಿದೆವು. ಡಿಸ್ಕ್‌ನಲ್ಲಿ ಜಾಗ ಸಾಲದು, ಹಾಗಾಗಿ ವಾಡಿಕೆಯಂತೆ ಮೂಲ ಫೈಲುಗಳನ್ನು ಅಳಿಸಿದೆವು.

ಮರುವರ್ಷ ಬಸವರಾಜ ಹೃದಯಾಘಾತದಿಂದ ತೀರಿಕೊಂಡ. ಬ್ಯಾಂಕಿನಲ್ಲಿದ್ದ ಅವನ ಹೆಂಡತಿ ಶಾಂತಾಗೆ ವಿಜಯವಾಡಕ್ಕೆ ವರ್ಗವಾಯಿತು. ಪಕ್ಕದ ಮನೆಗೆ ಬೇರೆಯವರು ಬಂದರು. ಸಂಜೆ ಕಾಂಪೌಂಡಿನ ಬಳಿ ಹೋಗಿ ನಿಲ್ಲುವುದನ್ನೇ ಬಿಟ್ಟೆ.

2009ರಲ್ಲಿ ಒಂದು ದಿನ ಶಾಂತಾ ಫೋನ್ ಮಾಡಿದರು. “ಅಣ್ಣಾರ, ಅವರು ಮಾತಾಡಿದ್ದು ಏನರ ಉಳದೈತೇನ್ರಿ ನಿಮ್ಮ ಕಡೆ? ಪುಟ್ಟಿಗೆ ಅಪ್ಪನ ದನಿ ಮರೀಲಿಕ್ಕ ಹತ್ತೈತಿ.”

ಎರಡು ದಿನ ಹಳೆಯ ಡಿಸ್ಕ್‌ಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಎಲ್ಲರೂ ಅಳಿಸಲು ಮರೆತಿದ್ದ ಫೋಲ್ಡರಿನಲ್ಲಿ ಸಿಕ್ಕಿದ್ದು ಅದೊಂದೇ, ‘ಟೆಸ್ಟ್’. ಕೊನೆಯದಾಗಿ ಪರೀಕ್ಷಿಸಿದ ಕೈಗಳ ಕ್ಯಾಮೆರಾದ್ದು. ಮುಖದ್ದನ್ನು ನಾನೇ ಅಳಿಸಿದ್ದೆ.

ಅದನ್ನೇ ಸಿ.ಡಿ.ಗೆ ಹಾಕಿಕೊಂಡು ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆ. ಅಲ್ಲಿ ಭವಾನಿಪುರಂನ ಅವರ ಮನೆಯಲ್ಲಿ ಒಂಬತ್ತು ವರ್ಷದ ಪುಟ್ಟಿ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಗ್ರೀಸು ಮೆತ್ತಿದ ಎರಡು ಕೈಗಳು, ಜೊತೆಗೆ ಆ ಖಾರದ ದನಿ:

“ಏ ಮಾರಾಯಾ, ಇನ್ನೆಷ್ಟು ಸಲ ಮಾತಾಡ್ಲಿಪಾ? ಮನಿಗೆ ಹೋಗ್ಬೇಕು. ಪುಟ್ಟಿ ಕಾಯಾಕತ್ತಿರ್ತಾಳ. ನಾ ಹೋಗೂತನಾ ಉಣ್ಣಂಗಿಲ್ಲ ಆಕಿ.”

“ಇದೇ ಕೊನೇದು ಕಣಯ್ಯ,” ಎಂದದ್ದು ನನ್ನ ದನಿ. ಅಲ್ಲಿಗೆ ಮುಗಿಯಿತು.

ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಇದರಲ್ಲಿ ಮುಖ ಇಲ್ಲ ಪುಟ್ಟಿ, ನನ್ನದೇ ತಪ್ಪು,” ಎಂದೆ.

ಹುಡುಗಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು: “ಮುಖ ಫೋಟೋದಲ್ಲಿ ಇದೆ ಕದಾ ಅಂಕುಲ್. ಮಾತೇ ಇರಲಿಲ್ಲ.”

ಮತ್ತೆ ಹಾಕಿಸಿದಳು. ಏಳೆಂಟು ಸಲ ಕೇಳಿದ ಮೇಲೆ, ಆ ದನಿಯ ಜೊತೆಜೊತೆಗೇ ಗದಗಿನ ರಾಗದಲ್ಲಿ “ನಾ ಹೋಗೂತನಾ ಉಣ್ಣಂಗಿಲ್ಲ ಆಕಿ” ಎಂದು ತಾನೂ ಹೇಳತೊಡಗಿದಳು.

ಮುಂದೆ ನಿವೃತ್ತನಾಗುವವರೆಗೂ ಪರೀಕ್ಷೆಯ ಫೈಲಿಗೂ ಪೂರ್ತಿ ಹೆಸರು ಕೊಟ್ಟೆ, ಒಂದರ ಮೇಲೊಂದು ಬರೆಯಲಿಲ್ಲ. ಯಾವುದು ಬೇಕಾಗುತ್ತದೆ, ಯಾವುದು ಬೇಡ ಎಂದು ಮೊದಲೇ ತೀರ್ಮಾನಿಸಲು ನಾವು ಯಾರು? ಈ ಕೆಲಸ ಕಲಿಸಿದ ಪಾಠ ಅಷ್ಟೇ. ಆದರೂ ಆ ದಿನ ಮೊದಲ ಮೂರು ಸಲ ಬಸವರಾಜ ಏನು ಹೇಳಿದ್ದ ಎಂದು ಈಗಲೂ ನೆನಪಿಸಿಕೊಳ್ಳಲು ನೋಡುತ್ತೇನೆ. ಇಬ್ಬರೂ ತುಂಬಾ ನಕ್ಕಿದ್ದೆವು. ಯಾತಕ್ಕೆ ಎಂಬುದು ಮಾತ್ರ ನೆನಪಾಗುವುದಿಲ್ಲ.