ಬೆರಳಿಟ್ಟು ತೋರಿಸಬೇಕಾದ ಉತ್ತರ

ಮೊದಲ ಸಲ ಇಂಗ್ಲಿಷ್ ಪರೀಕ್ಷೆಯಲ್ಲಿ ನನಗೆ ಅರ್ಧ ಅಂಕ ಕಡಿಮೆ ಬಂತು. ಹೊರದೇಶದ ವಿಶ್ವವಿದ್ಯಾಲಯವೊಂದು ಮಣ್ಣಿನ ವಿಜ್ಞಾನ ಓದಲು ನನಗೆ ಸೀಟು ಕಾದಿರಿಸಿತ್ತು. ಇನ್ನೊಂದೇ ಸಲ ಬರೆಯಲು ಸಮಯವಿತ್ತು. ಅದಕ್ಕಾಗಿ ಪ್ರತಿ ಶನಿವಾರ ತಮಿಳುನಾಡಿನ ನಮ್ಮೂರು ಉತ್ತಮಪಾಳಯಂನಿಂದ ಬಸ್ಸು ಹತ್ತಿ, ತೇನಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ದಿಂಡಿಗಲ್‌ನ ನಿವೃತ್ತ ಟೀಚರೊಬ್ಬರ ಮನೆಗೆ ಹೋಗುತ್ತಿದ್ದೆ.

ಓದಲು ಕೊಡುತ್ತಿದ್ದುದು ಕಥೆಗಳನ್ನಲ್ಲ. ಪ್ರವಾಸದ ಬರಹ, ವರದಿ, ಯಾರದೋ ನೆನಪು. ಕೆಳಗೆ ಕೆಲವು ಹೇಳಿಕೆಗಳು. ಪ್ರತಿಯೊಂದಕ್ಕೂ ಸರಿ, ತಪ್ಪು, ಬರಹದಲ್ಲಿ ಹೇಳಿಲ್ಲ ಎಂಬ ಮೂರರಲ್ಲಿ ಒಂದನ್ನು ಆರಿಸಬೇಕು. ಮೂರನೆಯದನ್ನು ನಾನು ಆರಿಸುತ್ತಲೇ ಇರಲಿಲ್ಲ.

ಒಂದು ಬರಹದಲ್ಲಿ ಮುದುಕನೊಬ್ಬ ಬಹಳ ಹೊತ್ತು ಹೊಳೆಯನ್ನು ನೋಡಿ, ಮಗನ ಮುಖ ನೋಡದೆ, ಎತ್ತು ಹೊಡೆದುಕೊಂಡು ಬಾ ಎನ್ನುತ್ತಾನೆ. ಮುದುಕನಿಗೆ ಮಗನ ಮೇಲೆ ಸಿಟ್ಟಿತ್ತು ಎಂಬುದು ಹೇಳಿಕೆ. ಸರಿ ಎಂದು ಬರೆದೆ.

"ಎಲ್ಲಿದೆ ಸಿಟ್ಟು? ಬೆರಳಿಟ್ಟು ತೋರಿಸಮ್ಮ," ಎಂದರು ಟೀಚರು, ತಮಿಳಿನಲ್ಲಿ.

ನನ್ನ ಬೆರಳು ಸಾಲುಗಳ ಮೇಲೆ ಓಡಾಡಿ ಎಲ್ಲೂ ನಿಲ್ಲಲಿಲ್ಲ. ಆದರೂ ಸಿಟ್ಟು ಅಲ್ಲೇ ಇದೆ ಅನ್ನಿಸುತ್ತಿತ್ತು.

ತಲೆಮಾರುಗಳಿಂದ ತಮಿಳರ ನಡುವೆ ನೆಲೆಸಿದ ನಮ್ಮ ಕನ್ನಡದವರ ಮನೆಗಳಲ್ಲಿ ಹೆಣ್ಣು ಕೇಳಿ ಬಂದವರಿಗೆ ಯಾರೂ ಆಗುವುದಿಲ್ಲ ಎನ್ನುವುದಿಲ್ಲ. ಮಜ್ಜಿಗೆ ಕೊಡುತ್ತಾರೆ, ಬಾಳೆಯ ಬೆಲೆ ವಿಚಾರಿಸುತ್ತಾರೆ. ಎಲೆ ಅಡಿಕೆ ತಟ್ಟೆ ಒಳಗಿಂದ ಬರದಿದ್ದರೆ ಬಂದವರು ತಾವೇ ಎದ್ದು ಹೊರಡುತ್ತಾರೆ. ಹಾಗೆ ಎದ್ದು ಹೋದವರನ್ನು ನೋಡುತ್ತ ಬೆಳೆದವಳು ನಾನು. ಹೇಳದಿದ್ದುದನ್ನು ಹೇಳಿಲ್ಲ ಎಂದು ಬಿಟ್ಟುಬಿಡುವುದು ಹೇಗೆಂದು ತಿಳಿಯದೆ ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಕೊನೆಗೆ ಮನೆಯವರ ಮಾತೂ ಗೊಂದಲ ಹುಟ್ಟಿಸತೊಡಗಿತು. ಸೀಟಿನ ವಿಷಯ ತಿಳಿಸಿದ ದಿನ ಅಪ್ಪ ಕೈ ತೊಳೆದು ತೋಟಕ್ಕೆ ಹೋಗಿದ್ದರು. ಅದನ್ನು ಬೇಡ ಎಂದೇ ಓದಿಕೊಂಡಿದ್ದೆ. ಅಲ್ಲಿ ಬೆರಳಿಡಲು ಯಾವ ಸಾಲಿತ್ತು?

ಪರೀಕ್ಷೆಯ ಹಿಂದಿನ ದಿನ ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಬಾಳೆನಾರಿನಿಂದ ಬಳ್ಳಿ ಕಟ್ಟುತ್ತಿದ್ದರು. ನಮ್ಮಲ್ಲಿ ಯಾರೂ ಕೇಳದ ರೀತಿಯಲ್ಲಿ ಕೇಳಿಬಿಟ್ಟೆ.

"ಅಪ್ಪಾ, ನಾ ಹೋಗೋದು ನಿಮಗೆ ಇಷ್ಟವಾ, ಇಲ್ಲವಾ?"

ಇನ್ನೆರಡು ಗಂಟು ಬಿಗಿದರು. "ಪರೀಕ್ಷೆ ಎಷ್ಟ್ ಮಣಿಗೆ ತಾಯೀ?"

ಬೆಳಗ್ಗೆ ಒಂಬತ್ತು ಗಂಟೆಗೆ ಎಂದೆ.

"ಅಂಗಾದ್ರೆ ಐದರ ಬಸ್ಸು ಬಿಡಬ್ಯಾಡ."

ಪಕ್ಕದ ಸಾಲಿನಲ್ಲಿದ್ದ ಅವ್ವ ನಕ್ಕಳು. "ಅಷ್ಟು ಓದಿದೋಳು, ಇದೂ ತಿಳೀಲಿಲ್ಲವಾ?"

ಅವ್ವನಿಗೆ ತಿಳಿದದ್ದು ಏನೆಂದು ನನಗೆ ನಿಜಕ್ಕೂ ತಿಳಿಯಲಿಲ್ಲ. ಕೇಳಿದರೆ ಇನ್ನೂ ನಗುತ್ತಿದ್ದಳು.

ಪರೀಕ್ಷೆಯಲ್ಲಿ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟೆ. ಬೆರಳು ನಿಲ್ಲದ ಕಡೆಯಲ್ಲೆಲ್ಲ, ಮನಸ್ಸು ಒಪ್ಪದಿದ್ದರೂ, ಹೇಳಿಲ್ಲ ಎಂದೇ ಗುರುತು ಹಾಕಿದೆ. ಮೋಸ ಮಾಡಿದಂತೆ ಅನ್ನಿಸಿತು. ಎರಡು ವಾರದ ಮೇಲೆ ಫಲಿತಾಂಶ ಬಂತು. ಬೇಕಾದಷ್ಟೇ ಅಂಕ, ಒಂದು ಚೂರೂ ಹೆಚ್ಚಿಲ್ಲ.

ಅದಾದ ಮೇಲೆ ವಿಶ್ವವಿದ್ಯಾಲಯದ ಪತ್ರ ಬಂತು. ಜಗಲಿಯ ಮೇಲೆ ಕುಳಿತು ಅದನ್ನು ಅಪ್ಪನಿಗೆ ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಅವರು ಕಾಲಿಗೆ ಮೆತ್ತಿದ್ದ ಕೆಮ್ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಕೇಳಿಸಿಕೊಂಡರು.

"ಅಲ್ಲಿ ಮಣ್ಣು ಏನ್ ಬಣ್ಣ?"

ಪತ್ರವನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದೆ. "ಇದರಲ್ಲಿ ಹೇಳಿಲ್ಲಪ್ಪಾ."

"ಓದಕ್ಕೆ ಹೋಗೋದೇ ಮಣ್ಣು. ಅದನ್ನೇ ಬರೀಲಿಲ್ಲವಾ," ಎಂದು ಕಡ್ಡಿ ಎಸೆದು, ಕೈ ತೊಳೆಯಲು ಎದ್ದರು.

ಕೈ ತೊಳೆದರು. ಆದರೆ ತೋಟದ ಕಡೆ ತಿರುಗಲಿಲ್ಲ. ಮರಳಿ ಬಂದು ನನ್ನ ಪಕ್ಕದಲ್ಲೇ ಕುಳಿತರು. ಪತ್ರವನ್ನು ಮಡಿಸಬೇಕೋ, ಮತ್ತೆ ಓದಬೇಕೋ ಗೊತ್ತಾಗದೆ ತೊಡೆಯ ಮೇಲೆ ಹಾಗೇ ಹಿಡಿದುಕೊಂಡಿದ್ದೆ.